ಬೈಬಲನ್ನು ಆಳವಾಗಿ ಓದುವುದು ಹೇಗೆ? ರೂತಳ ಪುಸ್ತಕ ಹಿಡಿದು ಒಂದು ಅಭ್ಯಾಸ

ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಚೀಟಿಗಳ ನಡುವೆ ಯೆರೆಮೀಯ 29:11 ಇದ್ದೇ ಇರುತ್ತದೆ. ನಿಮ್ಮ ಬಗ್ಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ವಚನ. ಕ್ಯಾಲೆಂಡರ್, ಗೋಡೆಯ ಫಲಕ, ಮೊಬೈಲ್ ಸ್ಟೇಟಸ್ ಎಲ್ಲೆಲ್ಲೂ ಅದೇ. ಅದರ ಹಿಂದಿನ ವಚನವನ್ನು ಯಾರೂ ಚೀಟಿಗೆ ಹಾಕುವುದಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮನ್ನು ಕರೆತರುತ್ತೇನೆ ಎಂದು ಅದು ಹೇಳುತ್ತದೆ. ಸೆರೆಹೋದವರಿಗೆ ಯೆರೂಸಲೇಮಿನಿಂದ ಹೋದ ಕಾಗದ ಅದು. ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಆ ಬಿಡುಗಡೆಯನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ಆ ಪರದೇಶದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬ ಮಾತೂ ಅದೇ ಕಾಗದದಲ್ಲಿದೆ. ಚೀಟಿಯ ವಚನ ಸುಳ್ಳೇನಲ್ಲ. ಆದರೆ ಕಾಗದವನ್ನು ಪೂರ್ತಿ ಓದಿದವರಿಗೆ ಸಿಗುವ ಸಮಾಧಾನದ ತೂಕವೇ ಬೇರೆ.

ಸಂಡೇ ಸ್ಕೂಲಿನಿಂದಲೇ ಕಥೆಗಳೆಲ್ಲ ಗೊತ್ತಿರುವ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವ, ಹೀಬ್ರೂ ಗ್ರೀಕ್ ಬಾರದ, ಕೆಲಸ ಸಂಸಾರಗಳ ನಡುವೆ ದಿನಕ್ಕೆ ಅರ್ಧ ಗಂಟೆ ಹೊಂದಿಸಿಕೊಳ್ಳಬಲ್ಲ ಸಾಮಾನ್ಯ ವಿಶ್ವಾಸಿಗಾಗಿ ಈ ಮಾರ್ಗದರ್ಶಿ. ಬೇಕಾಗುವ ಸಾಮಗ್ರಿ ಕಡಿಮೆ: ಒಂದು ಬೈಬಲ್, ನೂರು ಪುಟದ ನೋಟ್‌ಬುಕ್, ಪೆನ್ಸಿಲ್. ನನ್ನ ಹಟ ಒಂದೇ. ಮೊದಲು ನೀವೇ ಪಠ್ಯವನ್ನು ಪ್ರಶ್ನಿಸಿ, ವ್ಯಾಖ್ಯಾನಕಾರರನ್ನು ಕೊನೆಗೆ ಕರೆಯಿರಿ. ಈಗ ನಡೆಯುವುದು ಇದರ ತಿರುವುಮುರುವು. ಯೂಟ್ಯೂಬಿನ ಪ್ರಸಂಗ ಕೇಳಿ ಆಮೇಲೆ ಬೈಬಲ್ ತೆರೆದರೆ, ಪ್ರಸಂಗಿ ತೋರಿಸಿದ್ದು ಬಿಟ್ಟು ಬೇರೇನೂ ಅಲ್ಲಿ ಕಾಣುವುದಿಲ್ಲ.

ಮೊದಲು, ಚಿಕ್ಕ ಪುಸ್ತಕವೊಂದನ್ನು ಆರಿಸಿಕೊಳ್ಳಿ

ಜನವರಿ 1ರಂದು ಆದಿಕಾಂಡದಿಂದ ಹೊರಟು ಫೆಬ್ರವರಿ ಹೊತ್ತಿಗೆ ಯಾಜಕಕಾಂಡದ ಯಜ್ಞವಿಧಿಗಳಲ್ಲಿ ನಿಂತುಹೋಗುವುದು ನಮ್ಮ ಸಭೆಗಳ ವಾರ್ಷಿಕ ಸಂಪ್ರದಾಯವೇ ಆಗಿದೆ. ವರ್ಷಕ್ಕೊಮ್ಮೆ ಇಡೀ ಬೈಬಲ್ ಓದಿ ಮುಗಿಸುವುದು ಒಳ್ಳೆಯ ಅಭ್ಯಾಸ, ಆದರೆ ಅಧ್ಯಯನ ಅದಕ್ಕಿಂತ ಬೇರೆ. ಅಧ್ಯಯನಕ್ಕೆ ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಯುವ ಪುಸ್ತಕ ಬೇಕು. ಯೋನ, ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ಯಾಕೋಬನ ಪತ್ರಿಕೆ ಯಾವುದಾದರೂ ಆದೀತು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಿಂದ ಮಾತ್ರ ದಯವಿಟ್ಟು ಆರಂಭಿಸಬೇಡಿ. ಹಳೆ ಒಡಂಬಡಿಕೆಯ ಪರಿಚಯವಿಲ್ಲದೆ ಅದನ್ನು ಓದಿದವರು ದಿನಪತ್ರಿಕೆಯ ತಲೆಬರಹಗಳಲ್ಲಿ ಅದರ ಮೃಗವನ್ನು ಹುಡುಕತೊಡಗುತ್ತಾರೆ.

ಇಲ್ಲಿ ಉದಾಹರಣೆಗೆ ರೂತಳ ಪುಸ್ತಕವನ್ನು ತೆಗೆದುಕೊಳ್ಳುತ್ತೇನೆ. ನಾಲ್ಕು ಅಧ್ಯಾಯ, 85 ವಚನ. ಬರ, ವಲಸೆ, ವಿಧವೆಯರು, ಸುಗ್ಗಿ, ಕಣ, ಜಮೀನಿನ ವ್ಯವಹಾರ, ಊರ ಬಾಗಿಲಲ್ಲಿ ಪಂಚಾಯಿತಿ. ಹೊಲಗದ್ದೆ ಬಲ್ಲ ಕನ್ನಡಿಗ ಇದನ್ನು ಅಡಿಟಿಪ್ಪಣಿಯ ಹಂಗಿಲ್ಲದೆ ಓದಬಲ್ಲ. ಕೊಯ್ಲಾದ ಹೊಲದಲ್ಲಿ ಉದುರಿದ ತೆನೆಗಳನ್ನು ಆರಿಸುವುದಕ್ಕೆ ನಮ್ಮಲ್ಲಿ ಹಕ್ಕಲಾಯುವುದು ಎನ್ನುತ್ತಾರೆ. ರೂತಳು ಮಾಡಿದ್ದು ಅದನ್ನೇ.

ಯಾವ ಅನುವಾದ ಎಂಬ ಚರ್ಚೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಭಾರತೀಯ ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದವು’ ಗಂಭೀರ, ಬಾಯಿಪಾಠಕ್ಕೆ ಒಗ್ಗುವಂಥದ್ದು. ಸುಲಭ ಕನ್ನಡದ ಅನುವಾದಗಳು ವೇಗವಾಗಿ ಓದಿಸಿಕೊಳ್ಳುತ್ತವೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟಂಟರದರಲ್ಲಿ 66. ಒಂದರಲ್ಲಿ ‘ಯೆಹೋವ’ ಎಂದಿರುವ ಕಡೆ ಇನ್ನೊಂದರಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ಒಂದನ್ನು ಮುಖ್ಯವಾಗಿಟ್ಟುಕೊಂಡು, ಎಡವಿದ ಕಡೆ ಇನ್ನೊಂದನ್ನು ತೆರೆದರೆ ಸಾಕು. ಮೊಬೈಲಿನ ಬೈಬಲ್ ಆ್ಯಪ್‌ಗಳಲ್ಲಿ ಕನ್ನಡದ ಹಲವು ಆವೃತ್ತಿಗಳು ಪುಕ್ಕಟೆ ಸಿಗುತ್ತವೆ. ಹಳೆಯ ಪದಗಳಿಗೆ ಕಿಟೆಲ್ ನಿಘಂಟು ಇಂದಿಗೂ ಉಪಯುಕ್ತ. 1894ರ ಆ ನಿಘಂಟನ್ನು ಕಟ್ಟಿದವರು ಬಾಸೆಲ್ ಮಿಷನ್ನಿನ ಪಾದ್ರಿಯೇ ಆಗಿದ್ದರು.

ಒಂದೇ ಸಲಕ್ಕೆ, ದನಿಯೆತ್ತಿ ಓದಿ

ಮೊದಲ ವಾರ ಟಿಪ್ಪಣಿ ಬೇಡ, ಓದು ಮಾತ್ರ. ನಾಲ್ಕೂ ಅಧ್ಯಾಯಗಳನ್ನು ಒಟ್ಟಿಗೆ ಓದಲು ಇಪ್ಪತ್ತು ನಿಮಿಷದ ಆಸುಪಾಸು ಸಾಕು. ಗಟ್ಟಿಯಾಗಿ ಓದಿ. ಈ ಬರಹಗಳನ್ನು ಬಹುಕಾಲ ಜನ ಕೇಳಿಯೇ ತಿಳಿದದ್ದು, ಮನೆಮನೆಗೆ ಪುಸ್ತಕ ಬಂದದ್ದು ಬಹಳ ಈಚೆಗೆ. ವಾರದಲ್ಲಿ ಮೂರು ನಾಲ್ಕು ಸಲ ಹೀಗೆ ಓದಿದರೆ ಕಥೆಯ ನಡಿಗೆ ಮೈಗೆ ಹತ್ತುತ್ತದೆ.

ಓದುವಾಗ ಅಧ್ಯಾಯದ ಅಂಕಿಗಳನ್ನೂ ನಡುವಿನ ದಪ್ಪಕ್ಷರದ ಶೀರ್ಷಿಕೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈಗಿನ ಅಧ್ಯಾಯ ವಿಂಗಡಣೆ 13ನೆಯ ಶತಮಾನದ್ದು, ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಗೆ ಈಗಿನ ವಚನದ ಅಂಕಿಗಳನ್ನು ಹಾಕಿದ್ದು 1551ರಲ್ಲಿ, ಮುದ್ರಕ ರಾಬರ್ ಎಸ್ತಿಯೆನ್. ಶೀರ್ಷಿಕೆಗಳಂತೂ ಪ್ರಕಾಶಕರು ಸೇರಿಸಿದವು. ಕೆಲವು ಕಡೆ ಈ ಗೆರೆಗಳು ದಾರಿ ತಪ್ಪಿಸುತ್ತವೆ. ಯೆಶಾಯನ ಬಾಧೆಪಡುವ ಸೇವಕನ ಹಾಡು 52:13ರಲ್ಲೇ ಶುರುವಾಗುತ್ತದೆ, ನಾವು ಮಾತ್ರ 53:1ರಿಂದ ಓದಿ ಮೊದಲ ಮೂರು ವಚನಗಳನ್ನು ಹೊರಗೆ ಬಿಡುತ್ತೇವೆ.

ನೋಟ್‌ಬುಕ್: ಅಲ್ಲಿ ಏನಿದೆ ಎಂದಷ್ಟೇ ಬರೆಯಿರಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಎರಡು ಮೂರು ವಾರ ಕೊಟ್ಟರೂ ನಷ್ಟವಿಲ್ಲ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಪ್ರಶ್ನೆಗಳು. ಅರ್ಥ, ಪಾಠ, ಅನ್ವಯ ಯಾವುದೂ ಸದ್ಯಕ್ಕೆ ಬೇಡ. ಯಾರು, ಎಲ್ಲಿ, ಯಾವಾಗ, ಯಾರಿಗೆ ಏನೆಂದರು, ಯಾವ ಮಾತು ಮತ್ತೆ ಬಂತು, ಯಾವುದನ್ನು ಹೇಳದೆ ಬಿಟ್ಟಿದ್ದಾರೆ, ಇಷ್ಟೇ.

ಎರಡನೆಯ ಅಧ್ಯಾಯವನ್ನು ಹೀಗೆ ಓದಿ ನೋಡೋಣ. ಜವೆಗೋದಿಯ ಸುಗ್ಗಿ. ಹಕ್ಕಲಾಯಲು ಹೋಗುತ್ತೇನೆಂದು ಹೇಳುವುದು ರೂತಳು; ಅತ್ತೆ ನೊವೊಮಿಯೇನೂ ಕಳುಹಿಸಿದ್ದಲ್ಲ, ಹೋಗು ಮಗಳೇ ಎಂದಳು ಅಷ್ಟೆ. ನೊವೊಮಿಯ ಗಂಡನ ಬಂಧು ಬೋವಜನ ಹೊಲಕ್ಕೆ ರೂತಳು ಬಂದದ್ದು ಅಕಸ್ಮಾತ್ತಾಗಿ ಎಂದು ಕಥೆಗಾರ ಹೇಳುತ್ತಾನೆ. ಬೋವಜನ ಮೊದಲ ಪ್ರಶ್ನೆ, ಈ ಹುಡುಗಿ ಯಾರವಳು? ಮೇಸ್ತ್ರಿಯ ಉತ್ತರದಲ್ಲಿ ಹೆಸರೇ ಇಲ್ಲ: ಮೋವಾಬ್ ದೇಶದಿಂದ ನೊವೊಮಿಯೊಂದಿಗೆ ಬಂದ ಮೋವಾಬ್ಯಳು. ಒಂಬತ್ತನೆಯ ವಚನದಲ್ಲಿ ಬೋವಜ, ನಿನ್ನನ್ನು ಮುಟ್ಟಬಾರದೆಂದು ಆಳುಗಳಿಗೆ ಅಪ್ಪಣೆ ಕೊಟ್ಟಿದ್ದೇನೆ ಎನ್ನುತ್ತಾನೆ. ಹದಿನೈದು ಹದಿನಾರರಲ್ಲಿ ಆಳುಗಳಿಗೆ ಮತ್ತೆ ಎಚ್ಚರಿಕೆ, ಆಕೆಯನ್ನು ಅವಮಾನಿಸಬೇಡಿ, ಗದರಿಸಬೇಡಿ ಎಂದು. ಅಧ್ಯಾಯದ ಕೊನೆಗೆ ನೊವೊಮಿಯೂ, ಬೇರೆ ಹೊಲಕ್ಕೆ ಹೋದರೆ ನಿನಗೆ ತೊಂದರೆಯಾದೀತು ಎಂಬ ಅರ್ಥದ ಮಾತಾಡುತ್ತಾಳೆ.

ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ಕ್ರಿಸ್ಮಸ್ ಕಾರ್ಡಿನಂಥ ಸುಗ್ಗಿಯ ಚಿತ್ರ ಕದಲಿರುತ್ತದೆ. ಗಂಡನಿಲ್ಲದ ಪರದೇಶಿ ಹೆಣ್ಣಿಗೆ ಆ ಹೊಲಗಳು ಸುರಕ್ಷಿತವಾಗಿರಲಿಲ್ಲ, ಅದು ಆ ಊರಿನವರಿಗೆಲ್ಲ ಗೊತ್ತಿತ್ತು. ಪ್ರೇಮಕಥೆಯೆಂದು ಓದಿಕೊಂಡು ಬಂದವರಿಗೆ ಈ ಎಚ್ಚರಿಕೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಬಲಪುಟದ ಪ್ರಶ್ನೆ: ಬೋವಜನ ಊರಿನಲ್ಲೇ ಹೀಗಿದ್ದರೆ, ಆತ ಇಲ್ಲದ ಹೊಲದಲ್ಲಿ ಹಕ್ಕಲಾಯುತ್ತಿದ್ದ ಉಳಿದ ಹೆಂಗಸರ ಗತಿ ಏನು?

ಈಗ ಇಡೀ ಪುಸ್ತಕದ ಮೇಲೆ ಪೆನ್ಸಿಲ್ ಆಡಿಸಿ. ‘ಮೋವಾಬ್ಯಳು’ ಎಂಬ ಗುರುತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. 1:22, 2:2, 2:6, 2:21, 4:5, 4:10. ಮದುವೆಯ ಮಾತು ಊರ ಬಾಗಿಲಲ್ಲಿ ಖಚಿತವಾದ ಬಳಿಕ ಆ ಗುರುತು ಮತ್ತೆ ಬರುವುದಿಲ್ಲ. ಹೊಟ್ಟೆ, ಆಹಾರ, ಬರಿಗೈ ಇವುಗಳಿಗೆ ಬೇರೆ ಗುರುತು ಹಾಕಿ. ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ತಂದನು ಎಂದು ನೊವೊಮಿ ಬೇತ್ಲೆಹೇಮಿನ ಹೆಂಗಸರ ಮುಂದೆ ದೇವರ ಮೇಲೆ ದೂರುತ್ತಾಳೆ (1:21). ರೂತಳು ಊಟದಲ್ಲಿ ಉಳಿದದ್ದನ್ನು ತಂದು ಆಕೆಗೆ ಕೊಡುತ್ತಾಳೆ (2:18). ಅತ್ತೆಯ ಬಳಿಗೆ ಬರಿಗೈಯಲ್ಲಿ ಹೋಗಬಾರದು ಎಂದು ಬೋವಜ ಆರು ಅಳತೆ ಜವೆಗೋದಿ ಹೊರಿಸುತ್ತಾನೆ (3:17). ಕೊನೆಗೆ ಮಗು ನೊವೊಮಿಯ ಮಡಿಲಲ್ಲಿ (4:16). ಪುಸ್ತಕಕ್ಕೆ ರೂತಳ ಹೆಸರಿದ್ದರೂ ದುಃಖದಿಂದ ಆರಂಭವಾಗಿ ತುಂಬಿಕೊಳ್ಳುವ ಬದುಕು ಅತ್ತೆಯದು. ಇದನ್ನು ನೀವೇ ಗೆರೆ ಎಳೆದು ಕಂಡುಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ.

ಹೇಳದೆ ಬಿಟ್ಟದ್ದನ್ನೂ ಗಮನಿಸಿ. ರೂತಳು ಚೆಲುವೆ ಎಂದು ಎಲ್ಲೂ ಇಲ್ಲ. ಇಬ್ಬರು ಅಣ್ಣತಮ್ಮಂದಿರಲ್ಲಿ ಆಕೆಯ ಗಂಡ ಯಾರಾಗಿದ್ದನೆಂಬುದು 4:10ರ ತನಕ ತಿಳಿಯುವುದಿಲ್ಲ. ದೇವರ ಹೆಸರನ್ನು ಪಾತ್ರಗಳು ಮಾತುಮಾತಿಗೆ ಹೇಳುತ್ತವೆ, ಹರಸುತ್ತವೆ, ದೂರುತ್ತವೆ. ಆದರೆ ದೇವರು ಇದನ್ನು ಮಾಡಿದನು ಎಂದು ಕಥೆಗಾರ ತಾನಾಗಿ ಹೇಳುವುದು ಎರಡೇ ಕಡೆ: ತನ್ನ ಜನರಿಗೆ ಆಹಾರ ಕೊಟ್ಟದ್ದು (1:6, ಆ ಸುದ್ದಿ ನೊವೊಮಿಯ ಕಿವಿಗೆ ಬಿದ್ದಿತ್ತು), ರೂತಳಿಗೆ ಗರ್ಭ ಕೊಟ್ಟದ್ದು (4:13). ನಡುವಿನದೆಲ್ಲ ಮನುಷ್ಯರ ದುಡಿಮೆ, ಮರ್ಯಾದೆ, ಲೆಕ್ಕಾಚಾರ. ದೇವದೂತನಿಲ್ಲ, ಕನಸಿಲ್ಲ, ಅದ್ಭುತವಿಲ್ಲ.

ಬೈಬಲಿನಿಂದಲೇ ಬೈಬಲನ್ನು ಕೇಳಿ

ಪ್ರಶ್ನೆಗಳ ಪುಟ ತುಂಬಿದ ಮೇಲೆ ಪುಟದಂಚಿನ ಅಡ್ಡ ಉಲ್ಲೇಖಗಳ ಕಡೆಗೆ ಹೋಗಿ. ಇರುವ ಇಪ್ಪತ್ತನ್ನೂ ತೆರೆಯಬೇಕಿಲ್ಲ. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟವನ್ನು ಮಾತ್ರ.

ಹಕ್ಕಲಾಯುವ ಹಕ್ಕು ಎಲ್ಲಿಂದ ಬಂತು? ಯಾಜಕಕಾಂಡ 19:9-10, ಧರ್ಮೋಪದೇಶಕಾಂಡ 24:19. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಉದುರಿದ್ದನ್ನು ಆಯಬೇಡ, ಮರೆತ ಸಿವುಡಿಗಾಗಿ ಹಿಂದಿರುಗಬೇಡ, ಅದು ಬಡವರ, ಪರದೇಶಿಯ, ವಿಧವೆಯ ಪಾಲು. ಈಗ ಬೋವಜನನ್ನು ಮತ್ತೆ ನೋಡಿ. ಸಿವುಡುಗಳ ನಡುವೆಯೇ ಆಯಲು ಬಿಡುತ್ತಾನೆ, ಕಟ್ಟುಗಳಿಂದ ತೆನೆ ಎಳೆದು ಬೇಕೆಂದೇ ಬೀಳಿಸಲು ಆಳುಗಳಿಗೆ ಹೇಳುತ್ತಾನೆ. ಧರ್ಮಶಾಸ್ತ್ರ ಕೇಳಿದ್ದಕ್ಕಿಂತ ಎಷ್ಟು ಮುಂದೆ ಹೋದನೆಂಬುದು ಧರ್ಮಶಾಸ್ತ್ರ ಓದದೆ ತಿಳಿಯದು. ಸಂಜೆ ಬಡಿದು ಅಳೆದಾಗ ಆಕೆಗೆ ಸಿಕ್ಕಿದ್ದು ಒಂದು ಏಫಾ, ಇಪ್ಪತ್ತು ಲೀಟರಿಗೂ ಮೀರಿದ ಅಳತೆ. ಹಕ್ಕಲಾಯ್ದವರ ಒಂದು ದಿನದ ಗಳಿಕೆಗೆ ಅದು ಬಹಳವೇ ಹೆಚ್ಚು, ನೊವೊಮಿ ಬೆರಗಾಗುವುದೂ ಅದಕ್ಕೇ.

ಮೋವಾಬ್ ಎಂದರೆ ಮೂಗು ಮುರಿಯುವುದೇಕೆ? ಆದಿಕಾಂಡ 19ರಲ್ಲಿ ಮೋವಾಬ್ಯರ ಮೂಲವಾದ ಲೋಟ ಮತ್ತು ಅವನ ಹೆಣ್ಣುಮಕ್ಕಳ ಪ್ರಕರಣ, ಅರಣ್ಯಕಾಂಡ 25ರಲ್ಲಿ ಮೋವಾಬ್ ಸ್ತ್ರೀಯರ ಪ್ರಸಂಗ, ನ್ಯಾಯಸ್ಥಾಪಕರು 3ರಲ್ಲಿ ಹದಿನೆಂಟು ವರ್ಷ ಇಸ್ರಾಯೇಲರನ್ನು ಆಳಿದ ಮೋವಾಬಿನ ಅರಸ ಎಗ್ಲೋನ್. ಧರ್ಮೋಪದೇಶಕಾಂಡ 23:3ರಲ್ಲಿ ಖಂಡಿತವಾದ ನಿಷೇಧ, ಹತ್ತು ತಲೆಮಾರಾದರೂ ಮೋವಾಬ್ಯರು ಯೆಹೋವನ ಸಭೆಗೆ ಸೇರಬಾರದು. ಆದರೆ ರೂತಳ ಮೊಮ್ಮಗ ಇಷಯ, ಮರಿಮಗ ದಾವೀದ. ಈ ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡು ಹಾಗೆಯೇ ಬಿಡಿ. ಬೈಬಲಿನೊಳಗಿನ ಇಂಥ ಬಿಗಿತಗಳನ್ನು ಕಂಡ ಕೂಡಲೇ ಸಡಿಲಿಸುವ ಆತುರ ನಮಗೆ ಜಾಸ್ತಿ. ನೆಹೆಮೀಯ 13ರಲ್ಲಿ ಇದೇ ನಿಷೇಧವನ್ನು ಓದಿ ಹೇಳುತ್ತಾರೆ, ಮೋವಾಬ್ ಹೆಂಡಂದಿರನ್ನು ಕಟ್ಟಿಕೊಂಡವರನ್ನು ಬೈಯುತ್ತಾರೆ. ಅದನ್ನು ಓದಿ ರೂತಳಿಗೆ ಮರಳಿದರೆ ಪುಸ್ತಕ ಇನ್ನೊಂದು ಬಣ್ಣ ತಾಳುತ್ತದೆ.

ನಾಲ್ಕನೆಯ ಅಧ್ಯಾಯದಲ್ಲಿ ಊರ ಬಾಗಿಲಲ್ಲಿ ನಡೆಯುವ ಕೆರ ಕಳಚುವ ಪದ್ಧತಿಗೆ ಧರ್ಮೋಪದೇಶಕಾಂಡ 25:5-10 ನೋಡಿ, ಜಮೀನು ಬಿಡಿಸಿಕೊಳ್ಳುವುದಕ್ಕೆ ಯಾಜಕಕಾಂಡ 25:25. ಹೋಲಿಸಿದಾಗ ವ್ಯತ್ಯಾಸಗಳೂ ಕಾಣುತ್ತವೆ. ಅಲ್ಲಿ ವಿಧವೆಯೇ ಕೆರ ಕಳಚಿ ಮುಖಕ್ಕೆ ಉಗುಳಬೇಕು; ಇಲ್ಲಿ ಬೋವಜನಿಗಿಂತ ಹತ್ತಿರದ, ಆದರೆ ಹೊಣೆ ಹೊರಲು ಒಪ್ಪದ ಬಂಧು ತಾನೇ ಕಳಚಿ ಕೊಡುತ್ತಾನೆ, ಉಗುಳುವ ಮಾತಿಲ್ಲ, ಆ ವ್ಯವಹಾರದಲ್ಲಿ ರೂತಳ ಬಾಯಿಂದ ಒಂದು ಮಾತೂ ಇಲ್ಲ. ಕೊನೆಗೆ ಮತ್ತಾಯ 1:5ಕ್ಕೆ ಬನ್ನಿ. ಬೋವಜನ ತಾಯಿ ರಾಹಾಬಳು ಎಂದಿದೆ, ಯೆರಿಕೋವಿನ ಕಾನಾನ್ಯ ಹೆಣ್ಣು. ಮೋವಾಬಿನ ರೂತಳನ್ನು ಆತ ಕಂಡ ಬಗೆಯನ್ನು ಈ ಒಂದು ಹೆಸರಿನ ಜತೆಗಿಟ್ಟು ಯೋಚಿಸಿ.

ನೆಲ ಮತ್ತು ಋತು

ಬೈಬಲಿನ ಹಿಂಬದಿಯ ನಕ್ಷೆಗಳನ್ನು ಯಾರೂ ತೆರೆಯುವುದಿಲ್ಲ, ಅವು ಹೊಸದಾಗಿಯೇ ಉಳಿದಿರುತ್ತವೆ. ತೆರೆಯಿರಿ. ಬೇತ್ಲೆಹೇಮ್ ಯೆರೂಸಲೇಮಿನ ದಕ್ಷಿಣಕ್ಕೆ, ಹತ್ತು ಕಿಲೋಮೀಟರಿನೊಳಗೆ, ಗುಡ್ಡದ ಮೇಲಿದೆ. ಮೋವಾಬ್ ಲವಣ ಸಮುದ್ರದ ಆಚೆ, ಈಗಿನ ಜೋರ್ಡಾನ್ ದೇಶದ ಎತ್ತರದ ಬಯಲು. ನಡುವಿನ ಆ ಸಮುದ್ರದ ದಂಡೆ ಸಾಗರಮಟ್ಟಕ್ಕಿಂತ 400 ಮೀಟರಿಗೂ ಕೆಳಗೆ. ಇಬ್ಬರು ಹೆಂಗಸರು ಒಂದು ಘಟ್ಟ ಇಳಿದು, ತಗ್ಗು ದಾಟಿ, ಇನ್ನೊಂದು ಘಟ್ಟ ಹತ್ತಿ ಬಂದರು. ಒಂದೇ ಸಾಲಿನಲ್ಲಿ ಮುಗಿದುಹೋಗುವ ಪ್ರಯಾಣ ನಕ್ಷೆಯ ಮೇಲೆ ಹಾಗಿಲ್ಲ. ಜವೆಗೋದಿಯ ಕೊಯ್ಲು ಏಪ್ರಿಲಿನ ಹೊತ್ತಿಗೆ, ಗೋದಿಯದು ಅದರ ಬೆನ್ನಿಗೆ. ಎರಡೂ ಮುಗಿಯುವವರೆಗೆ ರೂತಳು ಹಕ್ಕಲಾಯ್ದಳು ಎಂದಿದೆ (2:23). ಅಂದರೆ ವಾರಗಟ್ಟಲೆ ಬಾಗಿದ ಬೆನ್ನು. ಯೆಹೂದ್ಯರು ಇಂದಿಗೂ ಗೋದಿ ಸುಗ್ಗಿಯ ಕಾಲದ ಶಾವುಓತ್ ಹಬ್ಬದಲ್ಲಿ, ನಾವು ಪಂಚಾಶತ್ತಮ ಎನ್ನುವ ಆ ಹಬ್ಬದಲ್ಲಿ, ಈ ಪುಸ್ತಕ ಓದುತ್ತಾರೆ.

ಈಗ ವ್ಯಾಖ್ಯಾನಕಾರರನ್ನು ಕರೆಯಿರಿ

ಬಲಪುಟದಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳೊಂದಿಗೆ ಹೋಗಿ. ನಿಮ್ಮ ಸಭಾಪಾಲಕರೋ ಗುರುಗಳೋ ಸೆಮಿನರಿಯಲ್ಲಿ ಓದಿದವರಾಗಿದ್ದರೆ ಇಂಥ ಪ್ರಶ್ನೆ ಕೇಳುವವರು ಸಿಕ್ಕರೆಂದು ಸಂತೋಷಪಟ್ಟಾರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜುಗಳಂಥ ಸಂಸ್ಥೆಗಳಲ್ಲಿ ಓದಿದವರು ನಮ್ಮ ನಡುವೆಯೇ ಇದ್ದಾರೆ. ಕನ್ನಡದಲ್ಲಿ ವ್ಯಾಖ್ಯಾನಗಳು ಇಂಗ್ಲಿಷಿನಷ್ಟು ಹೇರಳವಾಗಿಲ್ಲ ಎಂಬುದು ನಿಜ. ಇಂಗ್ಲಿಷ್ ಓದಬಲ್ಲವರು ಮನೆಯಲ್ಲಿದ್ದರೆ ಒಂದು ಬೈಬಲ್ ನಿಘಂಟು, ಒಂದು ಟಿಪ್ಪಣಿಸಹಿತ ಬೈಬಲ್ ಸಾಕು.

ಒಬ್ಬರನ್ನೇ ಓದಬೇಡಿ, ಒಪ್ಪದ ಇಬ್ಬರನ್ನು ಓದಿ. ರೂತಳ ಪುಸ್ತಕ ದಾವೀದ ಸೊಲೊಮೋನರ ಕಾಲದ್ದೆಂದು ಕೆಲವರು, ಸೆರೆಯಿಂದ ಮರಳಿದ ಮೇಲಿನದೆಂದು ಕೆಲವರು. ಮೂರನೆಯ ಅಧ್ಯಾಯದಲ್ಲಿ ರೂತಳು ಬೋವಜನಿದ್ದ ಕಣಕ್ಕೆ ಹೋದ ರಾತ್ರಿಯ ಬಗ್ಗೆಯೂ ಒಮ್ಮತವಿಲ್ಲ. ವ್ಯಾಖ್ಯಾನಕಾರ ತನ್ನ ಮಾತಿಗೆ ವಚನ ತೋರಿಸುತ್ತಾನೋ, ಬರೀ ಗಂಟಲು ದೊಡ್ಡದು ಮಾಡುತ್ತಾನೋ ಎಂಬುದು ಈಗ ನಿಮಗೇ ತಿಳಿಯುತ್ತದೆ. ಆರು ಅಳತೆ ಜವೆಗೋದಿಗೆ ಆರು ಆತ್ಮಿಕ ಅರ್ಥ ಹೇಳುವವರ ಬಳಿ ಹೆಚ್ಚು ಹೊತ್ತು ನಿಲ್ಲಬೇಡಿ. ಬೋವಜನಲ್ಲಿ ಕ್ರಿಸ್ತನ ಛಾಯೆ ಕಾಣುವುದು ಸಭೆಯ ಹಳೆಯ ಓದು, ಅದಕ್ಕೆ ಬೆಲೆಯಿದೆ. ಆದರೆ ಆ ಛಾಯೆಯ ಭರದಲ್ಲಿ ಹೊಲದಲ್ಲಿ ನಿಂತ ಹೆಣ್ಣು ಮಾಯವಾಗಬಾರದು.

ಅನ್ವಯ, ಪ್ರಾರ್ಥನೆ, ಕೂಟ

ಅನ್ವಯವನ್ನು ಇಷ್ಟು ಹಿಂದಕ್ಕೆ ಇಟ್ಟದ್ದು ಬೇಕೆಂದೇ. ದೇವರಲ್ಲಿ ಭರವಸೆ ಇಡಬೇಕು ಎಂದು ಬರೆದುಕೊಂಡರೆ ಅದು ಯಾವ ಪುಸ್ತಕಕ್ಕೂ ಹೊಂದುವ ಅನ್ವಯ, ಹಾಗಾಗಿ ಯಾವುದಕ್ಕೂ ಅಲ್ಲ. ಈ ಪುಸ್ತಕಕ್ಕೇ ಹುಟ್ಟಿದ್ದು ಬೇಕು. ನನ್ನ ಹೊಲದ ಅಂಚು ಯಾವುದು? ಸಂಬಳವೋ ಸಮಯವೋ ಮನೆಯ ಕೋಣೆಯೋ? ಕಟ್ಟಡದ ಕೆಲಸಕ್ಕೆ ದೂರದ ರಾಜ್ಯದಿಂದ ಬಂದವರನ್ನು ನಮ್ಮ ಬೀದಿಯಲ್ಲಿ ಹೆಸರಿನಿಂದ ಕರೆಯುತ್ತೇವೋ ಊರಿನಿಂದಲೋ? ಮದುವೆಗಳಲ್ಲಿ ಓದುವ, ನೀನು ಹೋಗುವಲ್ಲಿಗೆ ನಾನೂ ಬರುವೆನು ಎಂಬ 1:16ರ ಮಾತು ಸೊಸೆ ಅತ್ತೆಗೆ ಹೇಳಿದ್ದೆಂದು ವಧೂವರರಿಗೆ ಯಾರಾದರೂ ತಿಳಿಸುತ್ತಾರೋ?

ಪ್ರಾರ್ಥನೆ ಕೊನೆಗೆ ಅಂಟಿಸುವ ಬಾಲವಾಗದಿರಲಿ. 12ನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ಬರೆದಿಟ್ಟ. ವಾರದಲ್ಲಿ ಒಂದು ದಿನ ನೋಟ್‌ಬುಕ್ ಮುಚ್ಚಿಟ್ಟು ಕೆಲವೇ ವಚನಗಳನ್ನು ಹಾಗೆ ಓದಿ. ನೊವೊಮಿಯ ದೂರು (1:20-21) ಅದಕ್ಕೆ ತಕ್ಕುದು. ಆಕೆಯ ಕಹಿಮಾತನ್ನು ಪುಸ್ತಕದಲ್ಲಿ ಯಾರೂ ಖಂಡಿಸುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಾರ್ಥಿಸಿ.

ನಾಲ್ಕೈದು ಜನರ ಕೂಟವಾದರೆ ಇನ್ನೂ ಲೇಸು. ಮನೆ ಪ್ರಾರ್ಥನಾ ಕೂಟಗಳಲ್ಲಿ ಒಬ್ಬರು ಮಾತಾಡಿ ಉಳಿದವರು ಆಮೆನ್ ಎನ್ನುವುದೇ ವಾಡಿಕೆ. ಅದನ್ನು ಮುರಿಯಲು ಒಂದು ನಿಯಮ ಸಾಕು: ಏನೇ ಹೇಳಿದರೂ ಯಾವ ವಚನದಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಸೊಸೆಯಂದಿರೂ ಅತ್ತೆಯಂದಿರೂ ಒಟ್ಟಿಗೆ ಕೂತು ಮೊದಲ ಅಧ್ಯಾಯ ಓದಲಿ. ಮೋವಾಬಿಗೆ ಹಿಂದಿರುಗಿ ಹೋದ ಇನ್ನೊಬ್ಬ ಸೊಸೆ ಒರ್ಫಾಳ ಪರವಾಗಿ ವಾದಿಸುವವರು ಒಬ್ಬರಾದರೂ ಇರುತ್ತಾರೆ, ವಾದ ಗಟ್ಟಿಯಾಗಿಯೇ ಇರುತ್ತದೆ.

ಮುಂದಿನ ಪುಸ್ತಕ

ಆರೇಳು ವಾರಕ್ಕೆ ರೂತಳು ಮುಗಿದರೆ ಮುಂದೆ ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ, 16 ಅಧ್ಯಾಯ. ಕ್ರಮ ಇದೇ, ಆದರೆ ಪ್ರಕಾರ ಬದಲಾದಂತೆ ಕಣ್ಣು ಹಾಯಿಸುವ ಕಡೆ ಬದಲಾಗಬೇಕು. ಪೌಲನ ಪತ್ರಿಕೆಗಳಲ್ಲಿ ‘ಆದದರಿಂದ’, ‘ಆದರೆ’, ‘ಯಾಕಂದರೆ’ಗಳಿಗೆ ಗೆರೆ ಎಳೆಯಿರಿ, ವಾದದ ಕೀಲುಗಳಿರುವುದು ಅಲ್ಲಿ. ಕೀರ್ತನೆಗಳಲ್ಲಿ ಎರಡನೆಯ ಸಾಲು ಮೊದಲನೆಯದನ್ನು ಏನು ಮಾಡುತ್ತದೆ ನೋಡಿ. ಪ್ರವಾದಿಗಳಿಗೆ ಕೈ ಹಾಕುವ ಮೊದಲು ಅರಸುಗಳ ಎರಡೂ ಪುಸ್ತಕ ಓದಿರಬೇಕು. ಮಾರ್ಕನಲ್ಲಿ ಒಂದು ಕಥೆಯ ಹೊಟ್ಟೆಯೊಳಗೆ ಇನ್ನೊಂದು ಕಥೆ ಬರುತ್ತದೆ. ಯಾಯೀರನ ಮಗಳ ಕಥೆಯ ನಡುವೆ ರಕ್ತಕುಸುಮ ರೋಗದ ಹೆಂಗಸಿನ ಕಥೆ ಹಾಗೆ ಬಂದದ್ದು (5:21-43). ಇಬ್ಬರಿಗೂ ಹನ್ನೆರಡು ವರ್ಷದ ಲೆಕ್ಕವಿದೆ, ಎಡಪುಟದಲ್ಲಿ ಬರೆದುಕೊಳ್ಳಿ. ಕೊನೆಯ ಅಧ್ಯಾಯಕ್ಕೆ ಬಂದಾಗ ಅಡಿಟಿಪ್ಪಣಿಯನ್ನು ಮರೆಯದೆ ನೋಡಿ: ಅತಿ ಹಳೆಯ ಕೆಲವು ಹಸ್ತಪ್ರತಿಗಳು 16:8ಕ್ಕೇ ನಿಲ್ಲುತ್ತವೆ. 1:1ರಿಂದ 16:8ರವರೆಗೆ ಒಮ್ಮೆ, 16:20ರವರೆಗೆ ಒಮ್ಮೆ ಓದಿ, ಎರಡು ಓದುಗಳ ವ್ಯತ್ಯಾಸವನ್ನು ಕೂಟದಲ್ಲಿ ಚರ್ಚೆಗಿಡಿ.